ಸರ್ ಹುಡುಕಿಕೊಟ್ಟ ನಾಲ್ಕು ತಾಸು

ಸರ್ ಅವರ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಸೈಕಲ್ ಚೈನಿಗೆ ಸಿಕ್ಕು ಸೆಟೆದುಕೊಂಡಿದ್ದ ಆ ಬೆರಳು, ಉಳಿದವು ಏನೇ ಮಾಡುತ್ತಿರಲಿ, ತಾನೊಂದೇ ಆಕಾಶ ನೋಡುತ್ತ ನಿಂತಿರುತ್ತಿತ್ತು. ನನ್ನ ಮದುವೆಯ ದಿನ ನಸುಕಿನ ಐದೂವರೆಗೆ ಚಿಕ್ಕೋಡಿಯ ಮಂಗಲ ಕಾರ್ಯಾಲಯದ ಮುಂದೆ ಇಳಿದಾಗ ನಾನು ಮೊದಲು ಕಂಡದ್ದೂ ಅದನ್ನೇ. ಸರ್ ಎಂದಿನ ಹಾಗೆ ಗೇಟಿನ ಕೀಲಿ ತೆಗೆದರು, ನೀರಿನ ಮೋಟರು ಹಚ್ಚಿದರು, ಹೊಸ್ತಿಲಿಗೆ ಎರಡು ತಂಬಿಗೆ ನೀರು ಹಾಕಿದರು. ಕಂಪ್ಯೂಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಬಾ ತಂಗಿ. ಚಾ ಕುಡದೇನು? ಮದುಮಗಳಾದ್ರೇನಾತು, ಹಸದ ಹೊಟ್ಟಿಲೆ ನಿಂದರಬ್ಯಾಡ," ಎಂದರು.

ಸರ್ ನಮ್ಮ ಕಾನ್ವೆಂಟಿನಲ್ಲಿ ಕಂಪ್ಯೂಟರ್ ಕಲಿಸಿದವರು. ಅಲ್ಲಿ ಪಡಸಾಲೆಯಲ್ಲಿ ಕನ್ನಡ ಮಾತಾಡಿದರೆ ಸಿಸ್ಟರ್‌ಗಳ ಹುಬ್ಬು ಏರುತ್ತಿತ್ತು. ಸರ್ ಮಾತ್ರ ಚಪ್ಪಲಿ ಬಿಡಿಸಿ ನಮ್ಮನ್ನು ಕಂಪ್ಯೂಟರ್ ಕೋಣೆಯೊಳಗೆ ಕರೆದು, ಬಾಗಿಲು ಎಳೆದುಕೊಂಡು, "ಈಗ ಮನ್ಯಾಗಿನ ಮಾತಿನಾಗ ಹೇಳ್ತೀನಿ ಕೇಳ್ರಿ," ಎನ್ನುತ್ತಿದ್ದರು. ತಪ್ಪು ಮಾಡಿದವರನ್ನು ಬೈಯುತ್ತಿರಲಿಲ್ಲ. ಪರದೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಯಂತ್ರಾ ನೀ ಹೇಳಿದ್ದನ್ನ ಮಾಡೇತಿ. ನಿನ್ನ ಮನಸಿನಾಗ ಇದ್ದದ್ದನ್ನ ಅದಕ್ಕ ಯಾರ ಹೇಳವರು?" ಎಂದು ಕೇಳುತ್ತಿದ್ದರು.

ನಿವೃತ್ತರಾದ ಮೇಲೆ ಅವರು ಈ ಮಂಗಲ ಕಾರ್ಯಾಲಯದ ಬುಕಿಂಗ್ ನೋಡಿಕೊಳ್ಳುತ್ತಿದ್ದರು. ಅಥಣಿಯಿಂದ, ರಾಯಬಾಗದಿಂದ, ಗಡಿಯಾಚೆಯ ಮರಾಠಿಯವರಿಂದ ದಿನವಿಡೀ ಒಂದೇ ಪ್ರಶ್ನೆ: ಕಾರ್ಯಾಲಯ ಯಾವಾಗ ಖಾಲಿ ಇದೆ? ಹಳೆಯ ರಜಿಸ್ಟರನ್ನು ಸರ್ ಕಂಪ್ಯೂಟರಿನ ಎಕ್ಸ್‌ಎಂಎಲ್ ಕಡತವನ್ನಾಗಿ ಮಾಡಿದ್ದರು. ಒಂದೊಂದು ಕಾರ್ಯಕ್ಕೂ ಒಂದು ಶುರು, ಒಂದು ಮುಗಿಯುವ ಹೊತ್ತು. ಆ ಕಡತವನ್ನು ಓದಿ ಇನ್ನೊಂದು ರೂಪಕ್ಕೆ ತಿರುಗಿಸುವ ಕೋಡನ್ನೂ ಬರೆದಿದ್ದರು. ಕಡತದಲ್ಲಿ ಇರುತ್ತಿದ್ದುದು ತುಂಬಿದ ಹೊತ್ತುಗಳು, ಕೋಡು ಓಡಿಸಿದರೆ ಹೊರಗೆ ಬರುತ್ತಿದ್ದುದು ಖಾಲಿ ಹೊತ್ತುಗಳು. "ಖಾಲಿ ಅನ್ನೂದನ್ನ ಯಾರೂ ಬರದಿಟ್ಟಿರಂಗಿಲ್ಲ ತಂಗಿ. ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರು ಆತು, ಅವುಗಳ ನಡುವ ಹುಡುಕಬೇಕು," ಎನ್ನುತ್ತಿದ್ದರು.

ಆ ಕಡತದಲ್ಲಿ ಬೇರೆಲ್ಲೂ ಇರಲಾರದ ಒಂದು ಸಾಲಿತ್ತು. ಪ್ರತಿ ಮದುವೆಗೂ ಊಟ ಮುಗಿದ ಮೇಲೆ ಮುಕ್ಕಾಲು ತಾಸು, ಹೆಸರು 'ಅಳು'. ಹೆಣ್ಣು ಒಪ್ಪಿಸಿಕೊಡುವ ಹೊತ್ತು ಅದು. ಸರ್ ಅವರ ತಂಗಿಯ ಮದುವೆಯಲ್ಲಿ ಆಕೆ ತಾಯಿಯ ಕೊರಳು ಹಿಡಿದು ಅಳುತ್ತಿರುವಾಗಲೇ ಮುಂದಿನ ಪಾರ್ಟಿಯವರು ಬಂದು ಖುರ್ಚಿ ಮಡಚತೊಡಗಿದ್ದರಂತೆ. ಕಾರ್ಯಾಲಯದ ಮಾಲಕರು ನಗಾಡುತ್ತಿದ್ದರು: "ಏನ್ರೀ ಸರ, ನಿಮ್ಮ ಕಂಪ್ಯೂಟರದಾಗ ಕಣ್ಣೀರಿಗೂ ಒಂದ ಖಾನೆ ಐತೇನು?" ಸರ್ ಮಾಲಕರಿಗೂ ಚಹಾ ತರಿಸಿಕೊಡುತ್ತಿದ್ದರು. ಸಾಲು ಮಾತ್ರ ಹಾಗೇ ಉಳಿಯುತ್ತಿತ್ತು.

ಸದಲಗಾದ ಹುಡುಗನೊಂದಿಗೆ ನನ್ನ ನಿಶ್ಚಯವಾಗಿತ್ತು. ಮದುವೆ ಕಬ್ಬಿನ ಸುಗ್ಗಿ ಮುಗಿದ ಮೇಲೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಅಂಕಲಿಯ ಹೊಲದಲ್ಲಿ ಅಪ್ಪ ಕುಸಿದರು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಅಣ್ಣನನ್ನು ಹೊರಗೆ ಕರೆದು, "ಲಗ್ನಾ ಮಾಡೂದಿದ್ರ ಈ ವಾರದಾಗ ಮಾಡಿಬಿಡ್ರಿ. ದೂರ ಮಾತ್ರ ಒಯ್ಯಬ್ಯಾಡ್ರಿ," ಎಂದರು. ಅಪ್ಪ ಕೇಳುತ್ತಿದ್ದುದೂ ಒಂದೇ, ತಮ್ಮ ಕೈಯಿಂದ ನನ್ನ ಮೇಲೆ ಅಕ್ಕಿಕಾಳು ಹಾಕಬೇಕು. ಗಾಲಿಖುರ್ಚಿಯಲ್ಲಿ ಒಯ್ಯುವಷ್ಟು ಹತ್ತಿರವಿದ್ದದ್ದು ಆಸ್ಪತ್ರೆಯ ಎದುರಿನ ಸರ್ ಅವರ ಕಾರ್ಯಾಲಯ ಮಾತ್ರ.

ನಾನೂ ಅಣ್ಣನೂ ಓಡಿದೆವು. ಸರ್ ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು. ಮದುವೆಗೆ, ಊಟಕ್ಕೆ ಮೂರು ತಾಸು, ಮೇಲೆ ಮುಕ್ಕಾಲು ತಾಸು ಎಂದು ಹಾಕಿ ಕೋಡು ಓಡಿಸಿದರು. ಪರದೆ ಬಿಳಿಯಾಗಿಯೇ ಉಳಿಯಿತು. ಲಗ್ನಸರಾಯಿ, ಅಂದರೆ ಮದುವೆಗಳ ಹಂಗಾಮು; ವಾರಪೂರ್ತಿ ಕಾರ್ಯಕ್ಕೆ ಕಾರ್ಯ ಅಂಟಿಕೊಂಡಿದ್ದವು. ಅಣ್ಣ ಬಗ್ಗಿ ಕಡತವನ್ನೇ ನೋಡಿದ.

"ಸರ, ಗುರುವಾರ ಎರಡರಿಂದ ಐದು ಖಾಲಿ ಕಾಣಸ್ತೈತಲ್ರೀ!"

"ಮೂರ ತಾಸ ಆತಪ್ಪಾ ಅದು. ಸಾಲಂಗಿಲ್ಲ."

"ಆ ಅಳೂ ಸಾಲು ತಗದ ಹಾಕ್ರಿ. ಅಕಿ ಗಾಡ್ಯಾಗ ಕುಂತ ಅಳತಾಳ."

"ಇರಲಿ ಬಿಡ್ರಿ ಸರ, ನಾ ಅಳಂಗಿಲ್ಲ," ಎಂದೆ ನಾನು.

ಸರ್ ನನ್ನ ಮುಖ ನೋಡಿದರು. "ಬ್ಯಾರೆ ಮಂದಿಗೆ ಕೊಟ್ಟದ್ದು ನಿನಗ ಯಾಕ ಕಡಿಮಿ ಮಾಡಲಿ? ನಿಮ್ಮಪ್ಪಗ ಮುಂದ ಯಾವಾಗ ಸಿಗತೀ?" ಎಂದರು. ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತ.

ಬಹಳ ಹೊತ್ತು ಸರ್ ಕೋಡಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಚಹಾ ಆರಿ ಕೆನೆಗಟ್ಟಿತು. ಆಮೇಲೆ ಒಮ್ಮೆಲೇ ತಮ್ಮ ತಲೆಗೆ ತಾವೇ ಮೊಟಕಿಕೊಂಡರು.

"ಎಲಾ ಇದರ! ನಂದ ತಪ್ಪ ತಂಗಿ. ಈ ಕೋಡು ಪ್ರತಿ ಬುಕಿಂಗಿಗೂ ಅದರ ಹಿಂದಿನದ್ದು ಯಾವಾಗ ಮುಗೀತು ಅಂತ ಕೇಳತೈತಿ. ದಿನದ ಮೊದಲನೇದ್ದಕ್ಕ ಹಿಂದಿನದ್ದs ಇಲ್ಲ. ಅದನ್ನ ಕೇಳೂದs ಬಿಟ್ಟೈತಿ, ಅದಕ್ಕಿಂತ ಮೊದಲಿನ ಖಾಲಿ ಹೊತ್ತು ಲೆಕ್ಕಕ್ಕs ಬಂದಿಲ್ಲ! ಹೊತ್ತಾರಿ ಹೊತ್ತಿನ್ಯಾಗ ಯಾರೂ ಕಾರ್ಯಾಲಯ ಕೇಳಿಲ್ಲ, ನನಗೂ ಗೊತ್ತಾಗಿಲ್ಲ."

ಕಡತದಲ್ಲಿ ಪ್ರತಿ ದಿನಕ್ಕೂ ಒಂದು ಹೊಸ ಬುಕಿಂಗ್ ಬರೆದರು: 'ಬಾಗಿಲು ತೆಗೆಯುವುದು', ಶುರು ಐದೂವರೆ, ಮುಗಿಯುವುದೂ ಐದೂವರೆ. ಒಂದು ನಿಮಿಷವನ್ನೂ ಹಿಡಿಯದ ಬುಕಿಂಗ್. ಮತ್ತೆ ಓಡಿಸಿದರು. ಬಿಳಿ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: ಗುರುವಾರ, ಐದೂವರೆಯಿಂದ ಒಂಬತ್ತೂವರೆ. ಅಣ್ಣ ಅಲ್ಲಿಂದಲೇ ಮದುವೆ ಮಾಡಿಸುವ ಅಯ್ಯನವರಿಗೆ ಫೋನು ಹಚ್ಚಿದ. ಏಳರ ಮೇಲೆ ಹತ್ತು ನಿಮಿಷಕ್ಕೆ ಮುಹೂರ್ತ ಚೆನ್ನಾಗಿದೆ ಎಂದು ಅವರೂ ಹೇಳಿದರು.

ಸರ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾನು ಹೋಗಿ ಕೈಮುಗಿದು ಬಂದೆ. ಅವರಿಗೆ ನಾನು ಏನನ್ನೂ ಮರಳಿ ಕೊಟ್ಟವಳಲ್ಲ. ಆ ಗುರುವಾರದ ಬೆಳಗನ್ನು ಮಾತ್ರ ನಿಮಿಷ ನಿಮಿಷವಾಗಿ ನೆನಪಿಟ್ಟುಕೊಂಡಿದ್ದೇನೆ.

ಅಪ್ಪನಿಗೆ ಬಿಳಿ ಅಂಗಿ ತೊಡಿಸಿ, ಟೋಪಿ ಹಾಕಿ, ಗಾಲಿಖುರ್ಚಿಯಲ್ಲಿ ಕರೆತಂದರು. ಅಕ್ಕಿಕಾಳು ಹಾಕುವಾಗ ಅವರ ಕೈ ಅರ್ಧಕ್ಕೇ ನಿಂತಿತು, ಕಾಳು ಅವರ ತೊಡೆಯ ಮೇಲೇ ಬಿದ್ದವು. ನಾನೇ ಬಗ್ಗಿದೆ. ಮತ್ತೊಮ್ಮೆ ಹಾಕಿದರು, ನನ್ನ ನೆತ್ತಿಯ ಮೇಲೆ. ಎಂಟಕ್ಕೆಲ್ಲ ಶಿರಾ, ಉಪ್ಪಿಟ್ಟಿನ ಪಂಕ್ತಿ. ರಾಯಬಾಗದ ಸೋದರತ್ತೆ, "ಲಗ್ನದಾಗ ಉಪ್ಪಿಟ್ಟ ತಿಂದ ಮಂದಿ ನಾವs ಮೊದಲು," ಎನ್ನುತ್ತ ಎರಡನೆಯ ಸಲ ಹಾಕಿಸಿಕೊಂಡರು.

ಆಮೇಲೆ ಆ ಮುಕ್ಕಾಲು ತಾಸು. ನಾನು ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ ಕೂತೆ. ದೊಡ್ಡ ಮಾತೇನೂ ಆಡಲಿಲ್ಲ ಅವರು. "ದೂಧಗಂಗಾ ಹೊಳಿ ನೀರು ನಿನಗ ಹೊಸಾದು. ನಾಕ ದಿನಾ ಕಾಸಿ ಕುಡಿ," ಎಂದರು. "ಅತ್ತಿ ಎದ್ದ ಮ್ಯಾಲೆ ಏಳಬ್ಯಾಡ." ಕಡೆಗೆ, "ನಿಮ್ಮವ್ವನ ಹಂಗs ಕಾಣಾಕತ್ತೀ ಇವತ್ತ." ಆಗ ನನಗೆ ತಡೆಯಲಾಗಲಿಲ್ಲ. ಗೇಟಿನಾಚೆ ಮುಂದಿನ ಮದುವೆಯ ಡೆಕೋರೇಷನ್ ಟೆಂಪೊ ಹಾರ್ನು ಹಾಕಿತು. ಸರ್ ಹೋಗಿ ಅಡ್ಡ ನಿಂತರು. ಅವರ ಮಾತು ಒಳಗೂ ಕೇಳಿಸಿತು: "ಒಂಬತ್ತೂವರಿ ಇನ್ನೂ ಆಗಿಲ್ರಿ. ಒಳಗ ಬುಕಿಂಗ್ ನಡದೈತಿ."

ಒಂಬತ್ತೂವರೆಗೆ ಅಪ್ಪನೇ ನನ್ನ ಕೈ ಬಿಡಿಸಿ, "ಹೋಗಿ ಬಾ," ಎಂದರು. ಅವರು ಹೋದದ್ದು ಒಂಬತ್ತನೆಯ ದಿನ.

ಆ ಗುರುವಾರ ಸಂಜೆ ಸದಲಗಾದ ಹೊಸ ಮನೆಯಲ್ಲಿ ದೀಪ ಹಚ್ಚಿ ಹೊರಗೆ ಬಂದೆ. ಪಕ್ಕದ ಮನೆಯ ಕಾಕೂ ಎಮ್ಮೆ ಹಿಂಡಿ ಎದ್ದವರು ನನ್ನ ಮುಖ ನೋಡಿ, ಹಾಲಿನ ಬಕೀಟನ್ನು ಸೊಂಟಕ್ಕೇರಿಸಿಕೊಳ್ಳುತ್ತ ಅಂದರು: "ಕಣ್ಣ ನೋಡಿದ್ರ ಪೂರಾ ಅತ್ತ ಬಂದೀ ಅನಸ್ತೈತಿ. ಚಲೋ ಆತ ಬಿಡವಾ. ನಮ್ಮ ಲಗ್ನದಾಗ ಟ್ರ್ಯಾಕ್ಟರಿನವ ಹೊತ್ತಾತು ಹೊತ್ತಾತು ಅಂತ ಅರ್ಧಕ್ಕs ಹತ್ತಿಸಿಕೊಂಡ ಬಂದಾ. ನಂದಿನ್ನೂ ಅರ್ಧಾ ಉಳದೈತಿ."