ಬರಬಹುದು ಎಂದು ಬರೆದ ಹುಡುಗಿ

ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಐವತ್ತರ ದಶಕದಲ್ಲಿ ನಾನು ಉಡುಪಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಪಕ್ಕದ ಕೆಮ್ಮಣ್ಣು ಊರಿನ ಮೀನುಗಾರರ ಹುಡುಗಿಯೊಬ್ಬಳ ಪ್ರಬಂಧ ಓದಿದರು. ತಂದೆ ಸಂಜೆ ಮನೆಗೆ ಬರಬಹುದು ಎಂದು ಅವಳು ಇಂಗ್ಲಿಷಿನ ‘ಮೇ’ ಹಾಕಿ ಬರೆದಿದ್ದಳು.

“ದಿನಾ ಬರುವವರಲ್ವಾ? ‘ವಿಲ್’ ಎಂದು ಬರೆ.”

“ದೋಣಿ ಕಡಲಲ್ಲಿ ಉಂಟು ಸರ್. ಬಂದೇ ಬರುತ್ತಾರೆ ಅಂತ ನಮ್ಮ ಮನೆಯಲ್ಲಿ ಹೇಳುವುದಿಲ್ಲ.”

“ಎಂತ ಮೂಢನಂಬಿಕೆ!” ಎಂದು ನಕ್ಕ ಅವರು, ತಿದ್ದುವವರೆಗೆ ನಿಂತೇ ಇರಬೇಕೆಂದರು. ತರಗತಿಯೂ ನಕ್ಕಿತು. ಹುಡುಗಿ ಕಣ್ಣು ತುಂಬಿಕೊಂಡರೂ ಪೆನ್ಸಿಲ್ ಎತ್ತಲಿಲ್ಲ.

ನನಗೆ ಮೈ ಉರಿಯಿತು. ಕಡಲು ಇವರ ಅಪ್ಪಣೆ ಕೇಳುತ್ತದೆಯೇ? ಮೇಲಧಿಕಾರಿಗೆ ಎಂದೂ ಎದುರಾಡದ ನಾನು, “ಅವಳು ಬರೆದದ್ದೇ ಸರಿ ಸರ್,” ಎಂದೆ. “ನೀನು ಕೂತುಕೋ ಮಗಾ.”

ಅವಳು ಕೂತಳು. ಅವರು ಮುಖ ಬಿಗಿದುಕೊಂಡು ಪಕ್ಕದ ಬೆಂಚಿಗೆ ಹೋದರು.