ಬೀಗ ಹಾಕುವ ಮೊದಲು ಕೂಗಬೇಕು

ನಾನು ಮದುವೆಯಾಗಿ ಮಧುಗಿರಿಗೆ ಬಂದ ಎರಡನೇ ವರ್ಷ ಊರಿಗೆ ಪ್ಲೇಗು ಬಂತು. ಅಡುಗೆಮನೆಯ ಅಟ್ಟದಿಂದ ಒಂದು ಇಲಿ ಬಿದ್ದು ಸತ್ತಿತು. ಅತ್ತೆ ಅದರ ಮೇಲೆ ಬೂದಿ ಸುರಿದು, ಊರು ಬಿಡಲು ಹಾಸಿಗೆ ಸುತ್ತತೊಡಗಿದರು. ನಾಲ್ಕೇ ದಿನದಲ್ಲಿ ಪೇಟೆ ಖಾಲಿಯಾಯಿತು. ಊರಾಚೆಯ ಬಯಲಲ್ಲಿ ತೆಂಗಿನ ಗರಿಯ ಗುಡಿಸಲುಗಳೆದ್ದವು. ತಾಲ್ಲೂಕಿನ ಅಮಲ್ದಾರರ ಕಚೇರಿಯೂ ಹುಣಸೆತೋಪಿನ ಡೇರೆಗೆ ಬಂತು.

ನಮ್ಮತ್ತೆ ಸೋಮವಾರದ ಭಜನೆಯ ಹೆಂಗಸರಿಗೆ ಹಿರಿಯರು. ಏಳು ಜನರ ಗುಂಪು ಅದು. ಎಲ್ಲರೂ ಕೊರಳಲ್ಲಿ ಲಿಂಗ ಕಟ್ಟಿದವರು, ಹಣೆ ತುಂಬ ವಿಭೂತಿ ಇಟ್ಟವರು. ಪೂಜಾರಿ ಊರು ಬಿಟ್ಟಿದ್ದರಿಂದ ಪೇಟೆಯೊಳಗಿನ ಈಶ್ವರನ ಗುಡಿಯಲ್ಲಿ ದೀಪವಿರಲಿಲ್ಲ. ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಹೋಗಿ ಹಚ್ಚಿ ಬರುತ್ತೇವೆಂದು ಅತ್ತೆ ಕೇಳಿದಾಗ ಅಮಲ್ದಾರರು ಒಪ್ಪಿದರು. ಓದು ಬರಹ ಬಲ್ಲ ಸೊಸೆಯೆಂದು ನನ್ನನ್ನೂ ಕರೆದುಕೊಂಡರು.

ಅಂಥ ಬೀದಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ನಡುಮಧ್ಯಾಹ್ನ. ಬೆಟ್ಟದ ಬೋಳು ಬಂಡೆ ಕಾದು, ಅದರ ಝಳ ಬೀದಿಗೆ ಇಳಿಯುತ್ತಿತ್ತು. ಬಾಗಿಲು ಬಾಗಿಲಿಗೂ ಸರ್ಕಾರದ ಬೀಗ, ಅರಗಿನ ಮೊಹರು. ಜಗುಲಿಯ ಮೇಲೆ ಯಾರದೋ ಎಲೆಅಡಿಕೆ ತಟ್ಟೆ ಹಾಗೇ ಉಳಿದಿತ್ತು. ಎಲೆ ಒಣಗಿ ಸುರುಳಿಯಾಗಿತ್ತು. ನಾಯಿಗಳೂ ಇರಲಿಲ್ಲ. ನಮ್ಮ ಹೆಜ್ಜೆಯ ಸದ್ದು ಎದುರುಮನೆ ಗೋಡೆಗೆ ಬಡಿದು, ಇನ್ನೊಂದು ಗುಂಪು ಹಿಂದೆ ಬರುತ್ತಿದೆಯೇನೋ ಅನ್ನಿಸುತ್ತಿತ್ತು.

ಎರಡನೇ ಸೋಮವಾರ ದೀಪ ಹಚ್ಚಿ ಬರುವಾಗ ಅತ್ತೆ ತಟ್ಟನೆ ನಿಂತರು. ಒಂದು ಮನೆಯೊಳಗಿಂದ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ನಿಧಾನವಾದ ಗರಗರ. ರಾಗಿ ಬೀಸುವ ಹೆಂಗಸು ಕೈ ಬದಲಿಸುವಾಗ ನಿಲ್ಲುತ್ತದಲ್ಲ, ಹಾಗೆ ನಡುನಡುವೆ ನಿಲ್ಲುತ್ತಿತ್ತು. ಬಾಗಿಲಿಗೆ ಬೀಗವಿತ್ತು. ಮೊಹರು ಒಡೆದಿರಲಿಲ್ಲ.

"ನಡೀರಿ, ಇದು ಒಳ್ಳೇದಲ್ಲ" ಎಂದು ಒಬ್ಬಾಕೆ ನನ್ನ ಸೆರಗು ಎಳೆದಳು.

ಅತ್ತೆ ಬಾಗಿಲಿಗೆ ಬಾಯಿಟ್ಟು ಕೂಗಿದರು. "ಯಾರವ್ವಾ ಒಳಗಿರೋದು? ನಾವು ಭಜನೇರು ಕಣಮ್ಮ."

ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, ತುಂಬ ಒಳಗಿನಿಂದ, ಗೋಡೆ ಕೆರೆದ ಹಾಗೆ ಏನೋ ಕೇಳಿತು. ಆ ಮನೆಯಲ್ಲಿ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಒಬ್ಬಾಕೆ ಇದ್ದಳೆಂದು ಆಗ ಅತ್ತೆಗೆ ನೆನಪಾಯಿತು.

ನಾವು ಡೇರೆಗೆ ಓಡಿದೆವು. ಅಮಲ್ದಾರರು ಬೀಗ ಹಾಕಿದ ಜವಾನನನ್ನು ಕರೆಸಿದರು.

"ಮೂರು ಸಲ ಕೂಗ್ದೆ ಬುದ್ಧಿ. ಯಾರೂ ಓ ಅನ್ಲಿಲ್ಲ" ಎಂದ ಅವನು.

"ಗಂಡಸಿನ ದನಿಗೆ ಆಯಮ್ಮ ಯಾವತ್ತು ಓ ಅಂದವಳೆ?" ಎಂದರು ಅತ್ತೆ. "ಇಷ್ಟು ವರ್ಸದಲ್ಲಿ ನಡುಮನೆ ದಾಟಿ ಬಂದವಳಲ್ಲ ಸ್ವಾಮಿ. ನಿಮ್ಮ ತಪ್ಪು ಅಂತ ಹೇಳಕ್ಕೆ ಬಂದಿಲ್ಲ. ಬೀಗ ತೆಗೆಸಿ."

ಬೀಗ ತೆಗೆಸಿದರು. ಗಂಡಸರನ್ನು ಹೊಸ್ತಿಲಾಚೆ ನಿಲ್ಲಿಸಿ ಅತ್ತೆ ಮತ್ತು ನಾನು ಒಳಗೆ ಹೋದೆವು. ಆಕೆ ಹಿಂದಿನ ಕತ್ತಲೆಕೋಣೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದಳು. ಪ್ಲೇಗಲ್ಲ, ಜ್ವರ ಬಂದು ಏಳಲಾರದೆ ಹೋಗಿದ್ದಳು. ಮೈದುನನ ಮನೆಯವರು ಆಕೆ ತನ್ನ ಅಣ್ಣನ ಗಾಡಿಯಲ್ಲಿ ಸಿರಾಕ್ಕೆ ಹೋದಳೆಂದು ತಿಳಿದಿದ್ದರು. ಅಣ್ಣ, ಮೈದುನನ ಜೊತೆ ಇರುತ್ತಾಳೆಂದು ತಿಳಿದಿದ್ದ. ಕೈಗೆಟಕುವಷ್ಟು ದೂರದಲ್ಲಿ ಒಂದು ನೀರಿನ ಬಿಂದಿಗೆ ಇದ್ದದ್ದರಿಂದ ಜೀವ ಉಳಿದಿತ್ತು. ಅದರ ತಳ ಕಾಣುತ್ತಿತ್ತು.

ಅತ್ತೆ ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹನಿಹನಿಯಾಗಿ ನೀರು ಬಿಟ್ಟರು. ಆಕೆ ಕಣ್ಣು ತೆರೆದು ಮೊದಲು ಕೇಳಿದ್ದು ಇಷ್ಟೇ: "ಬೀಸ್ತಾ ಇದ್ದೋರು ಯಾರು? ಹೊರಗೆ ಬಂದ್ರಾ? ಅವರಿದ್ದಾರೆ ಅಂತ ಧೈರ್ಯವಾಗಿ ಮಲಗಿದ್ದೆ."

ನಾನು ನಡುಮನೆಗೆ ಹೋಗಿ ನೋಡಿದೆ. ಬೀಸುವ ಕಲ್ಲು ಮೂಲೆಯಲ್ಲಿತ್ತು. ಅದರ ಗೂಟದಿಂದ ಗೋಡೆಯವರೆಗೆ ಜೇಡರ ಬಲೆ ಹಬ್ಬಿತ್ತು. ಬಲೆ ಎಲ್ಲೂ ಹರಿದಿರಲಿಲ್ಲ. ನನ್ನ ಹಿಂದೆ ಬಂದ ಅತ್ತೆಯೂ ಅದನ್ನು ನೋಡಿದರು. ನನ್ನ ಮುಖವನ್ನೂ ನೋಡಿದರು. "ಆಯಮ್ಮನ ಕಾಲು ಹಿಡ್ಕೋ, ಎತ್ತಾಣ" ಎಂದರು. ಆಮೇಲೆ ಆ ಬೀಸುವ ಕಲ್ಲಿನ ಮಾತು ಅವರ ಬಾಯಲ್ಲಿ ಎಂದೂ ಬರಲಿಲ್ಲ.

ಆ ವಾರವೇ ಅಮಲ್ದಾರರಿಗೆ ಅರ್ಜಿ ಬರೆದೆವು. ಬರೆದವಳು ನಾನು, ಹೇಳಿ ಬರೆಸಿದವರು ಅತ್ತೆ. ಯಾವ ಮನೆಗಾದರೂ ಬೀಗ ಹಾಕುವ ಮೊದಲು, ಈಗಾಗಲೇ ಹಾಕಿದ್ದರೆ ಅದನ್ನು ತೆಗೆಸಿ, ಇಬ್ಬರು ಹೆಂಗಸರು ಒಳಗೆ ಹೋಗಿ, ಕೋಣೆಕೋಣೆಯಲ್ಲೂ ಕೂಗಿ ನೋಡಬೇಕು, ಅದಕ್ಕೆ ನಾವೇ ಬರುತ್ತೇವೆ, ಎಂಬುದಷ್ಟೇ ಅದರಲ್ಲಿ ಇದ್ದದ್ದು. ಗುಡಿಸಲಿಂದ ಗುಡಿಸಲಿಗೆ ಹೋಗಿ ಒಕ್ಕಲಿಗರ ಹೆಂಗಸರು, ಸಾಬರ ಹೆಂಗಸರು, ಬೀದಿ ಗುಡಿಸುವವರು, ಎಲ್ಲರ ಹೆಬ್ಬೆಟ್ಟು ಒತ್ತಿಸಿದೆವು.

ಸುದ್ದಿ ಹಬ್ಬಿತು. ಖಾದಿ ಟೋಪಿಯ ಒಬ್ಬರು ಬಂದು ಅರ್ಜಿಯನ್ನು ತಮ್ಮ ಸಭೆಯಲ್ಲಿ ಓದುತ್ತೇವೆಂದರು. ಮಾರನೇ ದಿನ ಜರಿ ಪೇಟದ ಇನ್ನೊಬ್ಬರು ಬಂದು, ಅವರ ಕೈಗೆ ಕೊಡಬೇಡಿ, ನಮ್ಮ ಕಡೆಯಿಂದ ದಿವಾನರಿಗೇ ಮುಟ್ಟಿಸುತ್ತೇವೆಂದರು. ಅತ್ತೆ ಇಬ್ಬರಿಗೂ ಮಜ್ಜಿಗೆ ಕೊಟ್ಟರು.

"ಬೀಗ ಬೀಳೋದ್ರಲ್ಲಿ ನಿಮ್ಮ ಕಡೆಯೋರ ಮನೇನೂ ಅವೆ, ಅವರ ಕಡೆಯೋರ ಮನೇನೂ ಅವೆ" ಎಂದು ಇಬ್ಬರಿಗೂ ಅದನ್ನೇ ಹೇಳಿದರು. "ನಾವೇ ಕೊಟ್ಕತೀವಿ, ಬುಡಿ."

ಕೊಟ್ಟೆವು. ಅಮಲ್ದಾರರು ಎರಡು ಸಲ ಓದಿ, ಅಲ್ಲೇ ಹುಕುಂ ಬರೆಸಿದರು.

ಮಳೆ ಬಂದು ಜನ ಮರಳುವವರೆಗೂ ಅದೇ ನಮ್ಮ ಕೆಲಸವಾಯಿತು. ಅತ್ತೆ ಮುಂದೆ, ಯಾವ ಮನೆಯಲ್ಲಿ ಯಾರು ಸಿಕ್ಕರೆಂದು ಬರೆಯಲು ಅಮಲ್ದಾರರ ಕೈಕೆಳಗಿನ ಶೇಕದಾರರು ಕೊಟ್ಟ ಪುಸ್ತಕ ಹಿಡಿದು ನಾನು ಹಿಂದೆ. ಸಾಬರ ಬೀದಿಯಲ್ಲಿ ಮಂಚದ ಹಿಂದೆ ಅವಿತಿದ್ದ ಒಬ್ಬ ಮುದುಕಿ ಸಿಕ್ಕಳು. ಸತ್ತರೆ ಗಂಡ ಸತ್ತ ಮನೆಯಲ್ಲೇ ಸಾಯುತ್ತೇನೆಂದು ಕೂತಿದ್ದವಳನ್ನು ಅತ್ತೆ ಒಂದು ಗಂಟೆ ಮಾತಾಡಿಸಿ ಕೈ ಹಿಡಿದು ಕರೆತಂದರು. ಮತ್ತೊಂದು ಮನೆಗೆ ನಾವು ತಡವಾಗಿ ಹೋಗಿದ್ದೆವು. ಅದನ್ನು ಬರೆಯಲಾರೆ.

ಕೂಗುವುದೇ ಕಷ್ಟವಾಗಿತ್ತು ನನಗೆ. ಖಾಲಿ ಕೋಣೆಯಲ್ಲಿ "ಯಾರಿದ್ದೀರಿ?" ಎಂದು ಕೇಳಿ ಸುಮ್ಮನೆ ನಿಲ್ಲಬೇಕು. ಉತ್ತರ ಬಂದರೆ ಒಂದು ಭಯ, ಬರದಿದ್ದರೆ ಇನ್ನೊಂದು. ಅತ್ತೆ ಮಾತ್ರ ನೆರೆಮನೆಗೆ ಬೆಂಕಿ ಕೇಳಲು ಹೋದವರ ಹಾಗೆ ಕೂಗುತ್ತಿದ್ದರು.

ಕೊನೆಯ ದಿನಗಳಲ್ಲಿ ಕೆರೆ ಕಡೆಯ ಒಂದು ಮನೆಗೆ ಹೋದೆವು. ಎಲ್ಲ ಕೋಣೆ ನೋಡಿ ಆಯಿತು. ಹೊರಡುವಾಗ ತಿರುಗಿದರೆ ನಡುಮನೆಯ ತೊಟ್ಟಿಲು ತೂಗುತ್ತಿತ್ತು. ಕಿಟಕಿಗಳು ಮುಚ್ಚಿದ್ದವು. ಬೆಕ್ಕು ಇರಬಹುದೆಂದು ಹುಡುಕಿದೆ, ಇರಲಿಲ್ಲ. ತೊಟ್ಟಿಲಲ್ಲಿ ಒಂದು ಮಡಿಸಿದ ಕೌದಿ ಮಾತ್ರ ಇತ್ತು.

ಅತ್ತೆ ಹೋಗಿ ಎರಡು ಕೈಯಲ್ಲಿ ತೊಟ್ಟಿಲನ್ನು ಹಿಡಿದು ನಿಲ್ಲಿಸಿದರು. ಕೌದಿ ತೆಗೆದು ಒದರಿ, ಮತ್ತೆ ಮಡಿಸಿಟ್ಟರು. ಹಣೆಯ ವಿಭೂತಿಯನ್ನು ಬೆರಳಲ್ಲಿ ಮುಟ್ಟಿ ತೊಟ್ಟಿಲ ಅಂಚಿಗೆ ಹಚ್ಚಿದರು.

"ಯಾರೂ ಇಲ್ಲ ಅಂತ ಬರ್ಕೋ" ಎಂದರು.

ಬರೆದುಕೊಂಡೆ. ಸಂಜೆ ಪುಸ್ತಕ ನೋಡಿದ ಶೇಕದಾರರು, ಆ ಸಾಲಿನ ಅಕ್ಷರ ಒಂದೂ ತಿಳಿಯುತ್ತಿಲ್ಲ, ಇನ್ನೊಂದು ಸಲ ಬರೆಯಮ್ಮ ಎಂದು ನನ್ನ ಕಡೆ ಶಾಯಿಯ ದೌತಿಯನ್ನು ಸರಿಸಿದರು.