ಹದಿನಾರು ಎಸಳಿನ ಗಚ್ಚಿನ ಹೂವು

ಟಣ್. ಟಣ್. ಟಣ್. ಡಬ್.

ಮೊದಲ ಮೂರು ಗಟ್ಟಿ, ನಾಲ್ಕನೆಯದು ಪೊಳ್ಳು. ಏಣಿಯ ಮೇಲಿದ್ದ ಹುಸೇನಬಿ ಕೈ ನಿಲ್ಲಿಸಿದಳು. ಗೇಣು ದೂರ ಸರಿದು, ಕರಣಿಯ ಮರದ ಹಿಡಿಕೆಯಿಂದ ಛತ್ತಿಗೆ ಮತ್ತೊಮ್ಮೆ ಬಡಿದಳು. ಡಬ್.

ಬ್ಯಾಡಗಿಯ ಹಳೆ ಪೇಟೆಯ ಈ ಮನೆ ಮೆಣಸಿನಕಾಯಿ ವ್ಯಾಪಾರದ ಸಿದ್ದಲಿಂಗಪ್ಪನವರದು. ಅವರ ಅಜ್ಜ ಕಟ್ಟಿಸಿದ್ದು. ನಡುಮನೆಯ ಮೇಲೆ ಸಾಗವಾನಿ ತೊಲೆಗಳು, ತೊಲೆಗಳ ಕೆಳಗೆ ಒತ್ತೊತ್ತಾಗಿ ಹೊಡೆದ ಮರದ ಪಟ್ಟಿಗಳು, ಆ ಪಟ್ಟಿಗಳನ್ನು ಕಚ್ಚಿ ಹಿಡಿದ ಎರಡು ಬೆರಳು ದಪ್ಪದ ಸುಣ್ಣದ ಗಚ್ಚು. ನಟ್ಟನಡುವೆ ಅದೇ ಗಚ್ಚಿನಲ್ಲಿ ಅರಳಿಸಿದ ಹದಿನಾರು ಎಸಳಿನ ಹೂವು. ಈಗ ಛತ್ತೆಲ್ಲ ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಜೋತು ಬಿದ್ದಿತ್ತು. ಹೂವಿನ ಸುತ್ತ ಕಂದು ಕಲೆ.

"ಎಷ್ಟ ಐತಿ ಪೊಳ್ಳು, ಹುಸೇನಬಿ?" ಕೆಳಗಿನಿಂದ ಸಿದ್ದಲಿಂಗಪ್ಪ ಕೇಳಿದರು.

"ಅರ್ಧಕ್ಕಿಂತ ಹೆಚ್ಚ ಐತ್ರಿ ಸಾವ್ಕಾರ್ರ. ಹೂವ ಮಾತ್ರ ಒಡದಿಲ್ಲ."

"ಹಂಗಾರ ಕೆಡವೂದ ಚಲೋ ಅಲ್ಲೇನ್ರಿ?" ಎಂದವನು ಫಿರೋಜ್. ಹೊಸ ಪಿಒಪಿ ಛತ್ತಿನ ಅಳತೆ ತೆಗೆದುಕೊಳ್ಳಲು ರಾಣೆಬೆನ್ನೂರಿನಿಂದ ಬಂದಿದ್ದ ಕೆಲಸಗಾರ. "ಎರಡ ದಿನದಾಗ ತಗೀತೇನಿ, ನಾಕ ದಿನದಾಗ ಹೊಸಾದು ಕುಂದರಸ್ತೇನಿ. ಚಾಚಿ, ನೀವು ಸುಣ್ಣಕ್ಕ ಬೆಲ್ಲ ಹಾಕ್ತೀರಂತಲ್ಲ, ಇರಬಿ ಬರಂಗಿಲ್ಲೇನ್ರಿ?"

"ಬರತಾವಪಾ. ಬಂದು, ಹಲ್ಲ ಮುರಕೊಂಡು ಹೋಗತಾವ."

ಹುಸೇನಬಿ ಮೋಟೆಬೆನ್ನೂರಿನವಳು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳೆ ಗಚ್ಚಿನ ಮನೆಗಳಿಗೆಲ್ಲ ಅವಳ ಗಂಡ ಕಾಸೀಮಸಾಬನೇ ಗೌಂಡಿ, ಗಾರೆ ಕೆಲಸದ ಮೇಸ್ತ್ರಿ. ಇಪ್ಪತ್ತೆರಡು ವರ್ಷ ಅವಳು ಅವನಿಗೆ ಸುಣ್ಣ ನೆನೆಹಾಕಿ, ಸೋಸಿ, ಪುಂಡಿ ನಾರು ಕತ್ತರಿಸಿ ಬೆರೆಸಿ ಕೊಟ್ಟಿದ್ದಳು. ಇನ್ನೊಂದು ಕೆಲಸವೂ ಇತ್ತು, ಯಾರ ಕಣ್ಣಿಗೂ ಬೀಳದ್ದು. ಅವನು ಮೇಲೆ ನಿಂತು ಬಡಿಯುವಾಗ ಅವಳು ಕೆಳಗೆ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದಳು. ಬಡಿಯುವವನ ಕೈ ಅದುರಿ ಕಿವಿ ಮಂದವಾಗುತ್ತದೆ. ಪೊಳ್ಳು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕೆಳಗಿನವರಿಗೇ ಸರಿಯಾಗಿ ತಿಳಿಯುತ್ತದೆ. "ಇಲ್ಲಿಂದ ಕೆಟ್ಟೈತಿ," ಎಂದು ಅವಳಂದರೆ ಅವನು ಅಲ್ಲಿಯೇ ಇದ್ದಿಲಿನ ಗೆರೆ ಎಳೆಯುತ್ತಿದ್ದ.

ಎರಡು ವರ್ಷದ ಹಿಂದೆ ಕಾಸೀಮಸಾಬನ ಬಲಗೈ ಹೆಗಲಿನಿಂದ ಮೇಲೆ ಏಳುವುದನ್ನು ನಿಲ್ಲಿಸಿತು. ಫೋನು ಬಂದಾಗ ಹುಸೇನಬಿ "ನಾ ಬರತೇನ್ರಿ," ಎನ್ನುತ್ತಿದ್ದಳು. ಆ ಕಡೆಯಿಂದ "ನೋಡಿ ಹೇಳತೇವಿ." ಎರಡು ವರ್ಷದಲ್ಲಿ ಅವಳ ಕೈಗೆ ಬಂದದ್ದು ಒಂದು ಬಚ್ಚಲ ಗೋಡೆ, ಒಂದು ದನದ ಕೊಟ್ಟಿಗೆ. ಛತ್ತು ಎಂದರೆ ಇದೇ ಮೊದಲು.

ಇದೂ ಬಂದದ್ದು ಸಿದ್ದಲಿಂಗಪ್ಪನವರ ತಾಯಿ ಗದಿಗೆವ್ವನ ಹಟದಿಂದ. "ನಾಕ ಬಾಣಂತನ ಆ ಹೂವ ನೋಡಕೋತ ಕಳದೇನಿ," ಎಂದು ಆಕೆ ಮಗನಿಗೆ ಹೇಳಿದ್ದಳು. "ಎಸಳ ಎಣಿಸಿ ಎಣಿಸಿ ನಿನ್ನ ಮಲಗಸೇನಿ. ಈಗ ಡಬ್ಬಿ ಮುಚ್ಚಳದಂಥಾ ಛತ್ತ ನೋಡಕೋತ ಸಾಯ್ಲೇನ?"

ಮಗ ಒಪ್ಪಿದರು, ಒಂದು ಕರಾರಿನ ಮೇಲೆ. ಇಪ್ಪತ್ತೊಂದು ದಿನ. ಛತ್ತಿಗೆ ಕೊಡುವ ಆಸರೆಯ ಕಂಬಗಳನ್ನೆಲ್ಲ ಆ ದಿನ ತೆಗೆಯಬೇಕು. ಅಂಗೈಯಷ್ಟು ಗಚ್ಚು ಬಿದ್ದರೂ ಮರುದಿನ ಫಿರೋಜ್ ಸುತ್ತಿಗೆ ಹಿಡಿದು ಬರುತ್ತಾನೆ. ಹಾಗೇನಾದರೂ ಆದರೆ ಮೂರು ಊರಿನಲ್ಲಿ ಯಾವ ಮನೆಯವರೂ ತನ್ನನ್ನು ಏಣಿ ಹತ್ತಲು ಬಿಡುವುದಿಲ್ಲ ಎಂಬುದು ಹುಸೇನಬಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ಏಣಿಯ ಮೇಲೆಯೇ ಅವಳು ಕಲೆಯನ್ನು ಬೆರಳಿನಿಂದ ಮುಟ್ಟಿದಳು. ಹಸಿ. ಮಳೆ ಹೋಗಿ ಮೂರು ತಿಂಗಳಾಗಿತ್ತು. ಮಾಳಿಗೆಗೆ ನೀರು ಇಳಿಯದಂತೆ ಎರಡು ಸಲ ಬಣ್ಣ ಬಳಿಸಿದ್ದೇನೆ ಎಂದು ಸಿದ್ದಲಿಂಗಪ್ಪ ಹೇಳುತ್ತಲೇ ಇದ್ದರು. ಅವಳು ಪೊಳ್ಳಾದಲ್ಲಿ ಒಂದು ಚೂರು ಕೆರೆದಳು. ಒಂದು ಸೀನು ಬಂತು. ಮತ್ತೊಂದು. ಬೆರಳ ತುದಿಯನ್ನು ನಾಲಿಗೆಗೆ ಹಚ್ಚಿದಳು.

"ಖಾರ ಐತಿ," ಎಂದಳು. "ಈ ಛತ್ತಿನ ಮ್ಯಾಲ ಏನ ಇಟ್ಟೀರಿ?"

ಮೇಲಿನ ಹಲಗೆಯ ಅಟ್ಟದಲ್ಲಿ ಗದಿಗೆವ್ವನ ಮೆಣಸಿನಕಾಯಿ ರಾಶಿ ಇತ್ತು. ಪ್ರತಿ ಸುಗ್ಗಿಯಲ್ಲೂ ಹೆಣ್ಣುಮಕ್ಕಳ ಮನೆಗೆ, ಬೀಗರ ಮನೆಗೆ ಕಳಿಸಲು ಆಕೆ ತಾನೇ ಆರಿಸುವ ಕಾಯಿ. ತೀರ ಒಣಗಿದ ಕಾಯಿ ತೊಟ್ಟು ಬಿಡಿಸುವಾಗ ಪುಡಿಯಾಗುತ್ತದೆ; ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡುವುದು ಈ ಊರಿನ ರೂಢಿ. ಮೊದಲು ಇದೆಲ್ಲ ಅಂಗಳದಲ್ಲಿ ನಡೆಯುತ್ತಿತ್ತು. ಅಂಗಳದಲ್ಲಿ ಕಾರು ನಿಲ್ಲತೊಡಗಿದ ಮೇಲೆ ರಾಶಿ ಅಟ್ಟ ಏರಿತ್ತು. ಹತ್ತು ಸುಗ್ಗಿಯ ನೀರು ಹಲಗೆಯ ಸಂದಿಯಿಂದ ಇಳಿದು ಗಚ್ಚಿನ ಬೆನ್ನಿಗೆ ಸೇರಿತ್ತು.

ಅದೇ ಮಧ್ಯಾಹ್ನ ರಾಶಿ ಕೆಳಗಿಳಿಯಿತು. ಹುಸೇನಬಿ ಹಲಗೆ ಎಬ್ಬಿಸಿ ನೋಡಿದರೆ ಗಚ್ಚಿನ ಬೆನ್ನ ಮೇಲೆ ಮೆಣಸಿನ ಬೀಜ, ಪುಡಿ, ತೊಟ್ಟು, ಎಲ್ಲ ಸೇರಿ ಕೆಂಪು ಕೆಸರು. ನಾಲ್ಕು ಬುಟ್ಟಿ ಹೊರಬಂತು. ನೋಡುತ್ತೇನೆಂದು ಹತ್ತಿದ ಫಿರೋಜ್ ಸೀನುತ್ತಲೇ ಮೆಟ್ಟಿಲು ಇಳಿದ.

ಗದಿಗೆವ್ವ ಬುಟ್ಟಿಗಳ ಪಕ್ಕ ಕುಳಿತಳು. "ನಾನ ಕೆಡವಿದ್ನೇನ ಹಂಗಾರ," ಎಂದಳು.

"ಕೆಡವಿಲ್ರಿ ಯವ್ವಾ," ಎಂದಳು ಹುಸೇನಬಿ. "ಹೂವಿಗೆ ನೀರ ಹಾಕೀರಿ, ಅಷ್ಟ."

ಕೆಲಸ ಶುರುವಾಯಿತು. ಛತ್ತಿನ ಕೆಳಗೆ ಹಲಗೆ, ಹಲಗೆಯ ಮೇಲೆ ಗೋಣಿಚೀಲದ ಮೆತ್ತೆ, ಅದರಡಿ ಕಂಬ, ಕಂಬದ ಬುಡಕ್ಕೆ ಮರದ ಬೆಣೆ. ದಿನಕ್ಕೆ ಒಂದು ನೂಲಿನಷ್ಟೇ ಬೆಣೆ ಹೊಡೆದು ಜೋತ ಛತ್ತನ್ನು ಮೇಲೆತ್ತಿದಳು, ನಿದ್ದೆಹೋದ ಕೂಸನ್ನು ಎತ್ತುವ ಹಾಗೆ. ಆಮೇಲೆ ಅಟ್ಟ ಹತ್ತಿ, ಬೆನ್ನು ಒರೆಸಿ, ತೆಳ್ಳನೆ ಸುಣ್ಣದ ಹಾಲು ಕುಡಿಸಿದಳು. ಬೆಲ್ಲ, ಅಳಲೆಕಾಯಿಯ ನೀರು, ಪುಂಡಿ ನಾರು ಬೆರೆಸಿದ ಗಚ್ಚನ್ನು ಪಟ್ಟಿಗಳ ಸಂದಿಗೆ ಹೆಬ್ಬೆರಳಿನಿಂದ ಒತ್ತಿ, ಹಳೆಯದಕ್ಕೆ ಹೊಸದನ್ನು ಕೊಕ್ಕೆ ಹಾಕಿ ಕೂಡಿಸಿದಳು. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ಕೈಗೆ ಅದೇನು ಹೊಸತಲ್ಲ.

ಹದಿನಾಲ್ಕನೆಯ ದಿನ ಹೂವಿನಿಂದ ಗೋಡೆಯವರೆಗೆ ಕೂದಲೆಳೆಯ ಬಿರುಕು ಕಂಡಿತು. ಅವತ್ತು ಮನೆಗೆ ಬಂದು ಅವಳು ಬಿರುಕಿನ ಸುದ್ದಿ ಹೇಳಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬಡದು ನೋಡಿದೇನ?" ಕಾಸೀಮಸಾಬ ಕೇಳಿದ.

"ನೋಡೇನಿ."

"ಕಿವಿ ಏನ ಹೇಳತು?"

"ಗಟ್ಟಿ ಐತಿ ಅಂತು."

"ಮತ್ತ ಕಣ್ಣಿನ ಮಾತ ಯಾಕ ಕೇಳತಿ? ಉಣ್ಣು."

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮನೆಯವರೆಲ್ಲ ಹೊಸ್ತಿಲ ಆಚೆ ನಿಂತರು. ಬೆಣೆ ತೆಗೆಯಲು ಫಿರೋಜ್‌ನನ್ನೇ ಕರೆಸಲಾಗಿತ್ತು. ಹುಸೇನಬಿ ಒಂದು ಮಣೆ ತಂದು ಹೂವಿನ ಕೆಳಗೆ ಸರಿಯಾಗಿ ಹಾಕಿ ಕುಳಿತಳು. ಚಹಾ ಕೇಳಿದಳು.

"ಚಾಚಿ, ಈ ಕಡೆ ಬರ್ರಿ."

"ನೀ ಬೆಣಿ ತಗಿ. ಚಹಾ ಆರತೈತಿ."

ಗೋಡೆಯ ಬದಿಯ ಕಂಬಗಳು ಮೊದಲು ಬಂದವು. ಆಮೇಲೆ ನಡುವಿನವು. ಕೊನೆಗೆ ಹೂವಿನ ಕೆಳಗಿನದೊಂದೇ ಉಳಿಯಿತು. ಫಿರೋಜ್ ಅವಳ ಮುಖ ನೋಡಿದ. ಅವಳು ತಟ್ಟೆಗೆ ಚಹಾ ಸುರಿದುಕೊಳ್ಳುತ್ತಿದ್ದಳು. ಬೆಣೆ ಜಾರಿತು, ಕಂಬ ಬಂತು, ಗೋಣಿ ಕಳಚಿತು.

ಮೇಲಿನಿಂದ ಏನೋ ಬಿತ್ತು. ಸಿದ್ದಲಿಂಗಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಹುಸೇನಬಿ ಅದನ್ನು ಸೆರಗಿನಿಂದ ಹೆಕ್ಕಿ ಹಿಡಿದಳು. ಒಂದು ಮೆಣಸಿನ ಬೀಜ. "ಇದೊಂದ ಉಳದಿತ್ತು," ಎಂದು ಪಕ್ಕಕ್ಕಿಟ್ಟು ಚಹಾ ಮುಗಿಸಿದಳು.

ಆಮೇಲೆ ಏಣಿ ಹತ್ತಿದಳು. ಗೋಡೆಯಿಂದ ಗೋಡೆಗೆ, ಸಾಲು ಹಿಡಿದು ಬಡಿದಳು. ಟಣ್, ಟಣ್, ಟಣ್. ಹೂವಿನ ಹದಿನಾರು ಎಸಳಿಗೆ ಹದಿನಾರು ಸಲ, ಬೆರಳಿನಿಂದ. ಕೆಳಗೆ ಫಿರೋಜ್ ತನಗೇ ತಿಳಿಯದೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದೂ ಪೊಳ್ಳಿರಲಿಲ್ಲ. ಕಿಟಕಿಯ ಬಿಸಿಲು ಹೊಸ ಸುಣ್ಣದ ಮೇಲೆ ಹರಡಿತ್ತು. ಮನೆಯ ಮೇಲೆ ಮತ್ತೆ ಒಂದು ನೆಟ್ಟಗಿನ ಆಕಾಶ ಇತ್ತು.

"ಬೆಲ್ಲ ಎಷ್ಟ ಹಾಕ್ತೀರಿ ಚಾಚಿ?" ಎಂದು ಫಿರೋಜ್ ಮೆಲ್ಲಗೆ ಕೇಳಿದ.

"ಇರಬಿಗೆ ಸಾಲೂವಷ್ಟು."

ಸಿದ್ದಲಿಂಗಪ್ಪ ಆಗಲೇ ರಾಣೆಬೆನ್ನೂರಿನ ತಮ್ಮನಿಗೆ ಫೋನು ಹಚ್ಚಿದ್ದರು. "ಕಾಸೀಮಸಾಬ ಅಲ್ಲೋ. ಹುಸೇನಬಿ. ಹೂಂ, ಗೌಂಡಿ ಹುಸೇನಬಿ," ಎಂದು ಎರಡು ಸಲ ಹೇಳಿದರು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಅವಳ ಕಡೆ ತಿರುಗಿದರು. ಅವರ ಮಾತಿಗೆ ಹೊಸ ಮರ್ಯಾದೆ ಬಂದಿತ್ತು.

"ಹುಸೇನಬಿ ಅವರ, ತಮ್ಮನ ಮನಿ ಛತ್ತೂ ಜೋತಾಡಾಕತ್ತೈತಂತ. ಸೋಮವಾರ ಹೋಗಿ ನೋಡ್ತೀರೇನು? ಗಾಡಿ ಕಳಸ್ತಾನಂತ. ನೀವು ಹೇಳಿದ ದಿನಾನ—"

ಹುಸೇನಬಿ ತಲೆ ಎತ್ತಿದಳು. ಮೇಲೆ ಅಟ್ಟದಲ್ಲಿ ಬಳೆಯ ಸದ್ದು, ಒಣ ಮೆಣಸಿನಕಾಯಿ ಸುರಿದ ಗಲಗಲ. ಅದರ ಬೆನ್ನಿಗೆ ಹಲಗೆಯ ಮೇಲೆ ಹನಿ ಹನಿಯಾಗಿ ನೀರು ಬಿದ್ದ ಸದ್ದು. ಛತ್ತ ಗಟ್ಟಿ ನಿಂತೈತಲ್ಲ ಇನ್ನ, ಎಂದು ಗದಿಗೆವ್ವ ಯಾರಿಗೋ ಹೇಳುತ್ತಿರುವುದೂ ಕೇಳಿಸಿತು.

"ನೀವು ಹೇಳಿದ ದಿನಾನ ಆಗಲಿ ಅಂತಾನ," ಎಂದು ಸಿದ್ದಲಿಂಗಪ್ಪ ಮುಂದುವರಿಸುತ್ತಿದ್ದರು, "ಕಂಬ, ಹಲಗಿ ಎಲ್ಲಾ ಅವನ..."

ಅವಳು ಕರಣಿಯನ್ನು ಕೈಯಲ್ಲಿ ಹಿಡಿದೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಟ್ಟದ ಮೆಟ್ಟಿಲು ಹತ್ತತೊಡಗಿದ್ದಳು.